ಆಸ್ಪತ್ರೆಯ ಸಹಾಯಕ ಸಿಬ್ಬಂದಿಯ ಸೊಂಟ, ಭುಜ, ಮಂಡಿ ನೋವು: ಕೆಲಸವನ್ನೇ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಹೌಸ್‌ಕೀಪಿಂಗ್ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಕೂರಿಸಿ "ಬಗ್ಗುವಾಗ ಮಂಡಿ ಮಡಿಸಿ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಿ" ಎಂದು ಹೇಳಿ ಕಳಿಸುವುದು ಬಹಳ ಕಡೆ ನಡೆಯುತ್ತದೆ. ಅಷ್ಟರಿಂದ ನೋವು ಕಡಿಮೆಯಾಗುವುದಿಲ್ಲ. ತರಬೇತಿ ಮುಗಿಸಿ ವಾರ್ಡಿಗೆ ಹೋದರೆ ಅದೇ 20 ಲೀಟರ್ ಬಕೆಟ್, ಅದೇ ಗಿಡ್ಡ ಹಿಡಿಯ ಮಾಪು, ಚಕ್ರ ಕಚ್ಚಿಕೊಂಡ ಅದೇ ಸ್ಟ್ರೆಚರ್. ಸಾಮಾನು ಬದಲಾಗದೆ, ಪಾಳಿ ಬದಲಾಗದೆ ಮನುಷ್ಯನ ಬೆನ್ನು ಮಾತ್ರ ಬದಲಾಗಬೇಕು ಎಂದರೆ ಅದು ಆಗುವ ಮಾತಲ್ಲ. ಆದ್ದರಿಂದ ಇಲ್ಲಿ ಮೊದಲು ಕೆಲಸ, ಆಮೇಲೆ ಮೈ.

ಇದು ಆಯಾಗಳು, ವಾರ್ಡ್ ಬಾಯ್‌ಗಳು, ನೆಲ ಒರೆಸುವವರು, ಲಾಂಡ್ರಿ ಮತ್ತು ಅಡುಗೆಮನೆಯವರು, ಸೆಕ್ಯುರಿಟಿಯವರು, ಇವರ ಕೆಲಸ ನೋಡಿಕೊಳ್ಳುವ ಸೂಪರ್‌ವೈಸರ್‌ಗಳು ಮತ್ತು ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು ಎಲ್ಲರಿಗೂ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ದೊಡ್ಡ ಆಸ್ಪತ್ರೆಗಾದರೂ, ತಾಲ್ಲೂಕಿನ 30 ಹಾಸಿಗೆಯ ನರ್ಸಿಂಗ್ ಹೋಮಿಗಾದರೂ ಕ್ರಮ ಒಂದೇ.

ನೋವು ಎಲ್ಲಿಂದ ಬರುತ್ತದೆ

ಭಾರ ಒಂದೇ ಕಾರಣವಲ್ಲ. ಭಾರ ಮೈಯಿಂದ ಎಷ್ಟು ದೂರ ಇದೆ ಎಂಬುದು ಅಷ್ಟೇ ಮುಖ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಎತ್ತುವ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದರೆ ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ. ಅದೂ ಭಾರ ಕಣಕಾಲಿನಿಂದ 25 ಸೆಂಟಿಮೀಟರ್ ಒಳಗಿದ್ದರೆ. 50 ಸೆಂಟಿಮೀಟರ್ ದೂರ ಹೋದರೆ ಮಿತಿ ಅರ್ಧಕ್ಕರ್ಧ ಇಳಿಯುತ್ತದೆ. ಅದಕ್ಕೆ ಬಗ್ಗುವುದು, ಬಗ್ಗಿದಲ್ಲೇ ತಿರುಗುವುದು, ಪದೇಪದೇ ಮಾಡುವುದು ಸೇರಿದರೆ ಇನ್ನೂ ಇಳಿಯುತ್ತದೆ. ಬಗ್ಗಿ, ಕೈ ಚಾಚಿ, ಪಕ್ಕಕ್ಕೆ ತಿರುಗಿ ಬಕೆಟ್ ಎತ್ತುವುದು ಇದೆಯಲ್ಲ, ಅದರಲ್ಲಿ ಈ ಮೂರೂ ಒಟ್ಟಿಗೇ ಇವೆ.

ಸೊಂಟ ಬಿಟ್ಟರೆ ಉಳಿದ ನೋವುಗಳಿಗೆ ಕಾರಣ ಬೇರೆ. ಕೈಯಲ್ಲಿ ಮಾಪು, ಬಟ್ಟೆ ಹಿಂಡುವವರಿಗೆ ಮಣಿಕಟ್ಟು, ಹೆಬ್ಬೆರಳಿನ ಬುಡ, ಮೊಣಕೈಯ ಹೊರಬದಿ ಹಿಡಿಯುತ್ತದೆ. ರಾತ್ರಿ ಬೆರಳುಗಳಲ್ಲಿ ಜೋಮು ಬರುತ್ತದೆ. ಕುಕ್ಕರಗಾಲಲ್ಲಿ ಕೂತು ಮಂಚದಡಿ ಒರೆಸುವವರಿಗೆ ಮಂಡಿ. ಗೇಟಿನಲ್ಲಿ ಎಂಟು ಹನ್ನೆರಡು ಗಂಟೆ ನಿಲ್ಲುವವರಿಗೆ ಹಿಮ್ಮಡಿ ಮತ್ತು ಮೀನಖಂಡ.

ಇನ್ನೊಂದು ಮಾತನ್ನು ಈ ಭಾಗದಲ್ಲಿ ಮರೆಯುವಂತಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರು, ನಂಜನಗೂಡು ಕಡೆಯ ಹಳ್ಳಿಗಳಿಂದ ಡ್ಯೂಟಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಬೆಳಗಿನ ಜಾವ ಹಾಲು ಕರೆದು ಡೇರಿಗೆ ಹಾಕಿ, ಮನೆಕೆಲಸ ಮುಗಿಸಿ ಬಸ್ಸು ಹತ್ತಿದವರು. ನಾಟಿ ಕಾಲದಲ್ಲಿ ರಜೆಯ ದಿನವೂ ಗದ್ದೆಯಲ್ಲಿ ಬಗ್ಗಿರುತ್ತಾರೆ. ವಾರ್ಡಿಗೆ ಬರುವ ಹೊತ್ತಿಗೇ ಅವರ ಸೊಂಟ ಅರ್ಧ ದಿನದ ಕೆಲಸ ಮಾಡಿರುತ್ತದೆ. ಪಾಳಿ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಂತ 1: ಯಾರಿಗೆ ಎಲ್ಲಿ ನೋವು ಎಂದು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಮನುಷ್ಯನ ಹಿಂಬದಿಯ ಆಕೃತಿ ಬರೆಸಿ ಒಂಬತ್ತು ಜಾಗ ಗುರುತಿಸಿ: ಕತ್ತು, ಭುಜ, ಮೊಣಕೈ, ಮಣಿಕಟ್ಟು ಮತ್ತು ಕೈ, ಮೇಲ್ಬೆನ್ನು, ಸೊಂಟ, ತೊಡೆಸಂದು ಮತ್ತು ತೊಡೆ, ಮಂಡಿ, ಪಾದ ಮತ್ತು ಕಣಕಾಲು. ನಾರ್ಡಿಕ್ ದೇಶಗಳ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯ ವಿಂಗಡಣೆ ಇದು. ಇಂದಿಗೂ ಎಲ್ಲೆಡೆ ಇದನ್ನೇ ಬಳಸುತ್ತಾರೆ. ಪ್ರತಿ ಜಾಗಕ್ಕೂ ಮೂರು ಪ್ರಶ್ನೆ: ಕಳೆದ 12 ತಿಂಗಳಲ್ಲಿ ನೋವು ಬಂದಿತ್ತೇ? ಅದರಿಂದ ಮಾಮೂಲಿ ಕೆಲಸ ನಿಂತಿತ್ತೇ? ಕಳೆದ 7 ದಿನಗಳಲ್ಲಿ ಇದೆಯೇ? ನಮ್ಮ ಅಗತ್ಯಕ್ಕೆ ನಾಲ್ಕನೆಯದನ್ನು ಸೇರಿಸಿಕೊಳ್ಳಿ: ಯಾವ ಕೆಲಸ ಮಾಡುವಾಗ ಜಾಸ್ತಿ?

ಹಾಳೆಯ ಮೇಲೆ ಹೆಸರು ಬೇಡ. ಕೆಲಸದ ಬಗೆ, ವಾರ್ಡು, ಪಾಳಿ ಸಾಕು. ಏಜೆನ್ಸಿಯ ಸೂಪರ್‌ವೈಸರ್ ಎದುರು ನಿಂತು ಕೇಳಿದರೆ "ಏನೂ ಇಲ್ಲ ಸಾರ್, ಚೆನ್ನಾಗಿದ್ದೀನಿ" ಎಂಬ ಉತ್ತರವೇ ಬರುತ್ತದೆ. ನೋವು ಎಂದರೆ ನಾಳೆಯಿಂದ ಬರಬೇಡ ಎನ್ನುತ್ತಾರೆಂಬ ಭಯ ಗುತ್ತಿಗೆ ಕೆಲಸಗಾರರಲ್ಲಿ ನಿಜವಾಗಿಯೂ ಇದೆ. ಫಿಸಿಯೋಥೆರಪಿ ವಿಭಾಗದವರೋ ಬೇರೆ ವಾರ್ಡಿನ ಸಿಸ್ಟರೋ ಕೇಳಲಿ. ಓದಲು ಬಾರದವರಿಗೆ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿ ಎನ್ನಿ.

ಹಂತ 2: ತೂಗಿ ನೋಡಿ

ಬ್ಯಾಗು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯೊಂದು ಇದ್ದರೆ ಅರ್ಧ ತನಿಖೆ ಮುಗಿದಂತೆ. ನೀರು ತುಂಬಿದ ಬಕೆಟ್, ಒದ್ದೆ ಮಾಪು, ಕಟ್ಟಿದ ಲಿನನ್ (ಹಾಸಿಗೆ ಬಟ್ಟೆಗಳ) ಚೀಲ, ಹಳದಿ ಮತ್ತು ಕೆಂಪು ತ್ಯಾಜ್ಯ ಚೀಲ, ಅಡುಗೆಮನೆಯ ಸಾರಿನ ಪಾತ್ರೆ ಎಲ್ಲವನ್ನೂ ತೂಗಿ ಬರೆಯಿರಿ. ಕೊಕ್ಕೆಯನ್ನು ಸ್ಟ್ರೆಚರ್ ಹಿಡಿಗೆ ಸಿಕ್ಕಿಸಿ ನಿಧಾನವಾಗಿ ಎಳೆದರೆ ಅದನ್ನು ಕದಲಿಸಲು ಎಷ್ಟು ಬಲ ಬೇಕೆಂದೂ ಗೊತ್ತಾಗುತ್ತದೆ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ, ಗಾಡಿ ಕದಲಿಸಲು ಗಂಡಸರಿಗೆ ಸುಮಾರು 20 ಕಿಲೋ, ಹೆಂಗಸರಿಗೆ 15 ಕಿಲೋ ಬಲ; ಉರುಳುತ್ತಿರುವಾಗ ತಳ್ಳಲು 10 ಮತ್ತು 7 ಕಿಲೋ. ಇದಕ್ಕಿಂತ ಹೆಚ್ಚು ತೋರಿಸಿದರೆ ದೋಷ ಚಕ್ರದ್ದೋ ನೆಲದ್ದೋ ಇರಬೇಕು. ತಳ್ಳುವವರ ಶಕ್ತಿ ಕಡಿಮೆಯಾಯಿತು ಎಂದು ಬರೆದುಕೊಳ್ಳಬೇಡಿ.

ಆಮೇಲೆ ಒಂದು ಪಾಳಿ ಪೂರ್ತಿ ಒಬ್ಬರ ಹಿಂದೆ ನಡೆಯಿರಿ. ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಬಕೆಟ್ ಎತ್ತಿದರು, ನೀರು ಚೆಲ್ಲಲು ಎಷ್ಟು ದೂರ ಹೋದರು ಎಂದು ಗೆರೆ ಹಾಕುತ್ತ ಬನ್ನಿ. ಕಚೇರಿಯಲ್ಲಿ ಕೂತು ಇದು ಗೊತ್ತಾಗುವುದಿಲ್ಲ.

ಹಂತ 3: ನೆಲ ಒರೆಸುವ ಕೆಲಸ

ಮಾಪಿನ ಹಿಡಿಯಿಂದ ಶುರುಮಾಡಿ. ನೇರ ನಿಂತಾಗ ಹಿಡಿಯ ತುದಿ ಭುಜಕ್ಕೂ ಗದ್ದಕ್ಕೂ ನಡುವೆ ಬರಬೇಕು. ಗಿಡ್ಡ ಹಿಡಿ ಇದ್ದರೆ ಇಡೀ ಪಾಳಿ ಬೆನ್ನು ಬಾಗಿಯೇ ಇರುತ್ತದೆ, ಎಷ್ಟು ತರಬೇತಿ ಕೊಟ್ಟರೂ ನೆಟ್ಟಗಾಗುವುದಿಲ್ಲ. ಉದ್ದ ಬದಲಿಸಬಹುದಾದ ಹಿಡಿ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ಅಳತೆಯವನ್ನು ತರಿಸಿ, ಎತ್ತರದವರಿಗೊಂದು, ಕುಳ್ಳಗಿರುವವರಿಗೊಂದು. ಹಿಡಿ ಬಹಳ ಸಣ್ಣಗಿದ್ದು ಜಾರುತ್ತಿದ್ದರೆ ಬೆರಳು ಬಿಗಿಹಿಡಿಯಬೇಕಾಗುತ್ತದೆ. ಸೈಕಲ್ ಟ್ಯೂಬನ್ನು ಸುತ್ತಿ 3ರಿಂದ 4 ಸೆಂಟಿಮೀಟರ್ ದಪ್ಪ ಮಾಡಿದರೆ ಹಿಡಿತ ಸಡಿಲವಾಗಿಯೇ ನಿಲ್ಲುತ್ತದೆ. ಅಳತೆಗಿಂತ ದೊಡ್ಡ ಕೈಗವಸೂ ಇದೇ ತೊಂದರೆ ಕೊಡುತ್ತದೆ.

ಎರಡನೆಯದು ಬಕೆಟ್. 20 ಲೀಟರ್ ನೀರೆಂದರೆ 20 ಕಿಲೋ, ಬಕೆಟ್ಟಿನ ತೂಕ ಬೇರೆ. ಕೈಯಲ್ಲಿ ಎತ್ತುವುದಾದರೆ 8 ಲೀಟರಿಗೆ ಬಣ್ಣದ ಗೆರೆ ಎಳೆದು ಅಲ್ಲಿಗೇ ನಿಲ್ಲಿಸಿ. ಚಕ್ರದ ಮೇಲಿನ ಎರಡು ಬಕೆಟ್ಟಿನ ಟ್ರಾಲಿ, ಒತ್ತಿ ಹಿಂಡುವ ಹಿಡಿಯ ಸಮೇತ, ಇದ್ದರೆ ಎತ್ತುವುದೂ ಕೈಯಲ್ಲಿ ಹಿಂಡುವುದೂ ಎರಡೂ ತಪ್ಪುತ್ತವೆ. ಆಸ್ಪತ್ರೆ ಒಂದೇ ಒಂದು ವಸ್ತು ಕೊಳ್ಳಲು ಸಾಧ್ಯ ಎಂದರೆ ಮೊದಲು ಈ ಟ್ರಾಲಿಯನ್ನೇ ಕೊಳ್ಳಲಿ.

ಟ್ರಾಲಿ ತಂದ ಮೇಲೂ ಕೆಡುವ ಜಾಗ ಒಂದಿದೆ: ನೀರು ಚೆಲ್ಲುವುದು. ಸಿಂಕಿನ ಎತ್ತರಕ್ಕೆ ಬಕೆಟ್ ಎತ್ತಿ ಬಗ್ಗಿಸಬೇಕಾದರೆ ಟ್ರಾಲಿಯ ಲಾಭವೆಲ್ಲ ಅಲ್ಲೇ ಹೋಯಿತು. ನೆಲಮಟ್ಟದ ಮೋರಿಗೆ ವಾಲಿಸುವಂತೆ ವ್ಯವಸ್ಥೆ ಮಾಡಿ. ಅದಿಲ್ಲದ ಕಡೆ ಮೊದಲು ಅರ್ಧ ನೀರನ್ನು ಮಗ್ಗಿನಲ್ಲಿ ತೆಗೆದು, ಉಳಿದದ್ದನ್ನು ಮಾತ್ರ ಎತ್ತಿ. ನಲ್ಲಿಗೊಂದು ಉದ್ದದ ಪೈಪು ಹಾಕಿದರೆ ತುಂಬಿಸಲು ಎತ್ತುವ ಪ್ರಮೇಯವೇ ಇಲ್ಲ.

ಒರೆಸುವಾಗ ಮಾಪನ್ನು ಮೈಗೆ ಹತ್ತಿರ ಇಟ್ಟು, ಅಡ್ಡ ಮಲಗಿದ 8ರ ಆಕಾರದಲ್ಲಿ ಎಡಕ್ಕೆ ಬಲಕ್ಕೆ ಆಡಿಸುತ್ತ ಹಿಂದಕ್ಕೆ ನಡೆಯಬೇಕು. ಸೊಂಟ ತಿರುಗಬಾರದು, ಪಾದಗಳೇ ತಿರುಗಬೇಕು. ಎರಡು ಮಂಚ ಮುಗಿದ ಕೂಡಲೇ ಮೇಲಿನ ಕೈ ಕೆಳಗೆ, ಕೆಳಗಿನ ಕೈ ಮೇಲೆ. ಮಂಚದಡಿಗೆ ಚಪ್ಪಟೆ ತಲೆಯ ಉದ್ದ ಹಿಡಿಯ ಮಾಪು ಬೇಕು. ಅದಿಲ್ಲದಿದ್ದರೆ ಕುಕ್ಕರಗಾಲು ತಪ್ಪುವುದಿಲ್ಲ, ಮಂಡಿಯೂ ಉಳಿಯುವುದಿಲ್ಲ.

ಹಂತ 4: ರೋಗಿಯನ್ನು ಮಂಚದಿಂದ ಸ್ಟ್ರೆಚರಿಗೆ

ಸೊಂಟ ಹಿಡಿಯುವುದು ಹೆಚ್ಚಾಗಿ ಇಲ್ಲೇ. ರೋಗಿ ಪೆಟ್ಟಿಗೆಯಲ್ಲ, ನಡುವೆ ಮೈ ಬಿಗಿಯುತ್ತಾರೆ, ಕೈ ಹಿಡಿದು ಎಳೆಯುತ್ತಾರೆ, ಜಾರುತ್ತಾರೆ. ಅದಕ್ಕೇ ನಿಯೋಷ್ ಹಿನ್ನೆಲೆಯ ತಜ್ಞರು ರೋಗಿಯನ್ನು ಕೈಯಲ್ಲಿ ಎತ್ತುವಾಗ ಒಬ್ಬೊಬ್ಬರ ಪಾಲಿಗೆ 16 ಕಿಲೋ ಮಿತಿ ಸೂಚಿಸಿದ್ದಾರೆ. ಸಹಕರಿಸಲಾಗದ 64 ಕಿಲೋ ರೋಗಿಗೆ ಲೆಕ್ಕ ಹಾಕಿದರೆ ನಾಲ್ಕು ಜನ. ಇಬ್ಬರೇ ಎತ್ತುವುದು ರೂಢಿಯಾಗಿದೆ ಎಂದ ಮಾತ್ರಕ್ಕೆ ಅದು ಸರಿಯಲ್ಲ. ಎತ್ತದೆ ಜಾರಿಸುವುದು ಉತ್ತಮ.

ಮೊದಲು ರೋಗಿಯನ್ನೇ ಕೇಳಿ: "ತಾತ, ನೀವೇ ಸ್ವಲ್ಪ ಸರೀತೀರಾ?" ಅವರು ತಮ್ಮ ಕಾಲನ್ನು ತಾವೇ ಎತ್ತಿ ಇಟ್ಟುಕೊಂಡರೂ ನಿಮ್ಮ ಭಾರ ಅಷ್ಟು ಕಡಿಮೆ. ಬಳಿಕ ಡ್ರಿಪ್, ಆಕ್ಸಿಜನ್ ಕೊಳವೆ, ಮೂತ್ರದ ಚೀಲ ಎಲ್ಲಿದೆ ನೋಡಿ, ಸ್ಟ್ರೆಚರಿನ ಕಡೆಗೆ ಸಡಿಲ ಮಾಡಿಕೊಳ್ಳಿ. ಸ್ಟ್ರೆಚರನ್ನು ಮಂಚಕ್ಕೆ ಅಂಟಿಸಿ ನಿಲ್ಲಿಸಿ, ಎರಡರ ಬ್ರೇಕೂ ಒತ್ತಿ, ಕೈಯಿಂದ ಅಲುಗಾಡಿಸಿ ಖಚಿತ ಮಾಡಿಕೊಳ್ಳಿ. ಎತ್ತರ ಬದಲಿಸಲು ಬರುವುದಾದರೆ ಸ್ಟ್ರೆಚರ್ ಮಂಚಕ್ಕಿಂತ ಒಂದು ಬೆರಳಷ್ಟು ಕೆಳಗಿರಲಿ, ಮೇಲಿದ್ದರೆ ಎತ್ತಲೇಬೇಕಾಗುತ್ತದೆ.

ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕೆಳಗಿನ ಡ್ರಾ ಶೀಟಿನ (ಬೆನ್ನಡಿಯ ಅಡ್ಡ ಹಾಸಿನ) ಅಡಿಗೆ ಜಾರುಹಲಗೆಯನ್ನೋ ನುಣುಪಾದ ನೈಲಾನ್ ಹಾಳೆಯನ್ನೋ ತೂರಿಸಿ, ಮತ್ತೆ ಅಂಗಾತ ಮಲಗಿಸಿ. ಸ್ಟ್ರೆಚರ್ ಕಡೆ ಇಬ್ಬರು, ಮಂಚದ ಕಡೆ ಒಬ್ಬರು ಅಥವಾ ಇಬ್ಬರು, ತಲೆಯ ಹತ್ತಿರ ಒಬ್ಬರು. ಶೀಟಿನ ಅಂಚನ್ನು ರೋಗಿಯ ಮೈವರೆಗೂ ಸುತ್ತಿ ಹಿಡಿಯಿರಿ. ಸಡಿಲ ಬಿಟ್ಟರೆ ಕೈ ದೂರ ಚಾಚುತ್ತದೆ. ಒಂದು ಕಾಲು ಮುಂದೆ, ಒಂದು ಹಿಂದೆ. ತಲೆ ಹಿಡಿದವರೇ ಎಣಿಸಬೇಕು, ಬೇರೆ ಯಾರೂ ಎಣಿಸಬಾರದು. "ಮೂರು" ಎಂದಾಗ ಮೈಭಾರವನ್ನು ಮುಂಗಾಲಿನಿಂದ ಹಿಂಗಾಲಿಗೆ ವರ್ಗಾಯಿಸುತ್ತ ಎಳೆಯಿರಿ, ತೋಳಿನಿಂದ ಅಲ್ಲ. ಮಂಚ ಅಗಲವಿದ್ದರೆ ಎರಡು ಸಲದಲ್ಲಿ ಮಾಡಿ: ಮೊದಲು ಅಂಚಿಗೆ, ಆಮೇಲೆ ಸ್ಟ್ರೆಚರಿಗೆ. ಹಲಗೆಯನ್ನು ಪ್ರತಿ ರೋಗಿಯ ನಂತರವೂ ಒರೆಸಿ ಸೋಂಕು ತೆಗೆಯಬೇಕು.

ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಜೊತೆಯಲ್ಲಿರುವ ಸಂಬಂಧಿಕರಿಂದ. ಪ್ರೀತಿಯಿಂದಲೇ ಓಡಿಬಂದು "ಎರಡು" ಎನ್ನುವಾಗಲೇ ಕಾಲು ಎಳೆಯುತ್ತಾರೆ. ಭಾರವೆಲ್ಲ ಒಮ್ಮೆಲೇ ಒಬ್ಬರ ಸೊಂಟಕ್ಕೆ ಬೀಳುತ್ತದೆ. "ಅಣ್ಣ, ನೀವು ಕಾಲ ಹತ್ರ ನಿಂತ್ಕೊಳ್ಳಿ, ನಾನು ಮೂರು ಅಂದ್ಮೇಲೆ ಸರಿಸಿ" ಎಂದು ಮೊದಲೇ ಹೇಳಿ. ಬೆನ್ನುಮೂಳೆಗೆ ಏಟಾಗಿರುವ ಸಂಶಯ ಇದ್ದರೆ ಸಿಸ್ಟರ್ ಅಥವಾ ಡಾಕ್ಟರ್ ಬರುವವರೆಗೆ ಮುಟ್ಟಬೇಡಿ.

ಮಂಚದಿಂದ ಗಾಲಿಕುರ್ಚಿಗೆ

ಕುರ್ಚಿಯನ್ನು ರೋಗಿಯ ಬಲವಿರುವ ಬದಿಗೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ ಇಡಿ. ಬ್ರೇಕ್ ಹಾಕಿ, ಪಾದದ ತಟ್ಟೆಗಳನ್ನು ಮೇಲೆ ಮಡಿಸಿ. ರೋಗಿ ಮಂಚದ ಅಂಚಿಗೆ ಬಂದು ಎರಡೂ ಪಾದ ನೆಲಕ್ಕೂರಿ ಒಂದು ನಿಮಿಷ ಕೂರಲಿ. ತಲೆಸುತ್ತು ಇದ್ದರೆ ಆಗಲೇ ಗೊತ್ತಾಗುತ್ತದೆ. ಪಾದಗಳು ಮಂಡಿಗಿಂತ ಸ್ವಲ್ಪ ಹಿಂದಿರಬೇಕು. ಸೊಂಟಕ್ಕೆ ಹಿಡಿಪಟ್ಟಿ ಕಟ್ಟಿ ಅದನ್ನೇ ಹಿಡಿಯಿರಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ರೋಗಿಯ ಭುಜ ಕೆಡುತ್ತದೆ. ರೋಗಿ ನಿಮ್ಮ ಕತ್ತು ತಬ್ಬಿಕೊಂಡರೆ ನಿಮ್ಮ ಕತ್ತು ಕೆಡುತ್ತದೆ. ನಿಮ್ಮ ಮಂಡಿಯಿಂದ ಅವರ ನಿಶ್ಶಕ್ತ ಮಂಡಿಗೆ ಆಸರೆ ಕೊಟ್ಟು ಏಳಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಿಸಿ, ಕುರ್ಚಿ ಅವರ ಮಂಡಿಯ ಹಿಂಭಾಗಕ್ಕೆ ತಾಗಿದ ಮೇಲೆ ಕೂರಿಸಿ.

ನಡುವೆ ಕುಸಿದರೆ ಹಿಡಿದು ಎತ್ತಲು ಹೋಗಬೇಡಿ. ಅವರ ಮೈಯನ್ನು ನಿಮ್ಮ ತೊಡೆಯ ಮೇಲಿಂದ ಜಾರಿಸುತ್ತ, ತಲೆ ಕಾಯುತ್ತ ನೆಲಕ್ಕೆ ಇಳಿಸಿ ಸಹಾಯಕ್ಕೆ ಕೂಗಿ. ಬೀಳುತ್ತಿರುವ ಭಾರವನ್ನು ಒಬ್ಬರೇ ತಡೆಯಲು ಹೋದಾಗಲೇ ಡಿಸ್ಕ್ ಜಾರುವುದು. ಗರ್ಭಿಣಿ ಸಿಬ್ಬಂದಿಯನ್ನು ಈ ಕೆಲಸಕ್ಕೆ ಹಾಕಲೇಬಾರದು.

ಹಂತ 5: ತಳ್ಳುವುದು, ಸಾಗಿಸುವುದು

ಎಳೆಯಬೇಡಿ, ತಳ್ಳಿ. ಹಿಡಿ ಸೊಂಟಕ್ಕೂ ಮೊಣಕೈಗೂ ನಡುವಿನ ಎತ್ತರದಲ್ಲಿರಲಿ. ಇಳಿಜಾರಿನಲ್ಲಿ ಇಬ್ಬರು ಬೇಕೇ ಬೇಕು. ರೋಗಿಯ ತಲೆ ಯಾವಾಗಲೂ ಮೇಲ್ಗಡೆಗೆ.

ಚಕ್ರಗಳಿಗೆ ವಾರಕ್ಕೊಂದು ದಿನ ಗೊತ್ತುಮಾಡಿ. ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ, ಬ್ಯಾಂಡೇಜಿನ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಒಂದೆರಡು ಹನಿ ಎಣ್ಣೆ ಬಿಟ್ಟು, ಮತ್ತೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ. ವ್ಯತ್ಯಾಸ ಅಲ್ಲೇ ಕಾಣುತ್ತದೆ. ಸೀಳಿದ ಚಕ್ರ ಬದಲಿಸುವಾಗ ಚಿಕ್ಕದರ ಬದಲು, ಚೌಕಟ್ಟು ಒಪ್ಪುವಷ್ಟು ದೊಡ್ಡದನ್ನು ಹಾಕಿಸಿ. ಬಾಗಿಲ ಹೊಸ್ತಿಲು, ಟೈಲ್ಸಿನ ಸಂದಿಯನ್ನು ದೊಡ್ಡ ಚಕ್ರ ಸುಲಭವಾಗಿ ದಾಟುತ್ತದೆ.

ಜಂಬೋ ಆಕ್ಸಿಜನ್ ಸಿಲಿಂಡರನ್ನು ಎತ್ತುವುದೂ ಇಲ್ಲ, ವಾಲಿಸಿ ಉರುಳಿಸುವುದೂ ಇಲ್ಲ; ಸರಪಳಿ ಇರುವ ಸಿಲಿಂಡರ್ ಟ್ರಾಲಿಯಲ್ಲೇ ಸಾಗಿಸಬೇಕು.

ಲಿನನ್ ಮತ್ತು ತ್ಯಾಜ್ಯದ ಚೀಲಗಳಲ್ಲಿ ಒಂದು ತೊಡಕಿದೆ. ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ರಕ್ತ, ಮಲ ಅಂಟಿದ ಬಟ್ಟೆಯನ್ನು, ಸೂಜಿ ತಪ್ಪಿ ಸೇರಿರಬಹುದಾದ ಚೀಲವನ್ನು ಯಾರೂ ಎದೆಗವಚಿಕೊಳ್ಳಬಾರದು. ಕೈ ದೂರ ಇರಲೇಬೇಕಾದ್ದರಿಂದ ತೂಕವನ್ನೇ ಇಳಿಸಬೇಕು. ಲಿನನ್ ಚೀಲ ಮೂರರಲ್ಲಿ ಎರಡು ಪಾಲು ತುಂಬಿದಾಗ, ತ್ಯಾಜ್ಯ ಚೀಲ ಮುಕ್ಕಾಲು ತುಂಬಿದಾಗ ಕಟ್ಟಿ. ಒದ್ದೆ ಬಟ್ಟೆಯ ಚೀಲ 10 ಕಿಲೋ ದಾಟದಿರಲಿ. ಒಂದೇ ಸಲಕ್ಕೆ ಮುಗಿಸೋಣ ಎಂದು ಎರಡು ಚೀಲ ಒಟ್ಟಿಗೆ ಹೊರುವುದನ್ನು ಸೂಪರ್‌ವೈಸರೇ ತಡೆಯಬೇಕು, ಅವಸರ ಮಾಡುವವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.

ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವುವವರಿಗೆ ಒಲೆ ತಗ್ಗಿನಲ್ಲಿರಲಿ, ಪಾತ್ರೆಯ ಬಾಯಿ ಸೊಂಟದ ಮಟ್ಟಕ್ಕೆ ಬರಲಿ, ಹಿಟ್ಟನ್ನು ಎರಡು ಸಣ್ಣ ಪಾತ್ರೆಗೆ ಹಂಚಿ ಇಬ್ಬರು ತಿರುವಲಿ. ಗೇಟಿನ ಸೆಕ್ಯುರಿಟಿಯವರಿಗೆ ಎತ್ತರದ ಸ್ಟೂಲು ಕೊಡಿ. ಕೂತರೆ ಕೆಲಸ ಮಾಡುತ್ತಿಲ್ಲ ಎಂಬ ಭಾವನೆಯನ್ನು ಬಿಡಿ.

ಹಂತ 6: ಪಾಳಿ

ಬೆಳಿಗ್ಗೆ ಎರಡು ಗಂಟೆ ಮಾಪು ಹಾಕಿದವರು ಮುಂದಿನ ಗಂಟೆ ಧೂಳು ಒರೆಸುವ, ಸಾಮಾನು ಜೋಡಿಸುವ ಹಗುರ ಕೆಲಸಕ್ಕೆ ಹೋಗಲಿ. 45 ನಿಮಿಷಕ್ಕೊಮ್ಮೆ ಎರಡು ಮೂರು ನಿಮಿಷ ಬಿಡುವು ಕೊಟ್ಟರೆ ಕೆಲಸ ಹಿಂದೆ ಬೀಳುವುದಿಲ್ಲ. ಡಬಲ್ ಡ್ಯೂಟಿ ಎರಡು ದಿನ ಸತತ ಬೇಡ. ದುಡ್ಡಿನ ಅಗತ್ಯದಿಂದ ಅವರೇ ಕೇಳುತ್ತಾರೆ ಎಂಬುದು ನಿಜ. ಆಗಲೂ ಎರಡನೇ ಪಾಳಿಯಲ್ಲಿ ರೋಗಿ ಎತ್ತುವ ಜಾಗಕ್ಕೆ ಹಾಕಬೇಡಿ. ದಣಿದ ಸ್ನಾಯು ಬೆನ್ನುಮೂಳೆಯನ್ನು ಕಾಯುವುದಿಲ್ಲ.

ಹಂತ 7: ವ್ಯಾಯಾಮ, ಚಪ್ಪಲಿ, ಬೆಲ್ಟ್

ಪಾಳಿ ಶುರುವಾಗುವ ಮುಂಚೆ ಐದು ನಿಮಿಷ ಸಾಕು. ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗುವುದು 10 ಸಲ. ಎರಡು ರೆಕ್ಕೆಮೂಳೆ ಹತ್ತಿರ ತಂದು 5 ಸೆಕೆಂಡ್ ಹಿಡಿಯುವುದು 10 ಸಲ. ಗೋಡೆಗೆ ಕೈಯೊತ್ತಿ ಮೀನಖಂಡ ಎಳೆಯುವುದು ಒಂದೊಂದು ಕಾಲಿಗೆ 30 ಸೆಕೆಂಡ್. ತೋಳು ನೇರ ಚಾಚಿ, ಅಂಗೈ ಕೆಳಗೆ ಮಾಡಿ ಮಣಿಕಟ್ಟು ಬಗ್ಗಿಸಿ ಹಿಡಿಯುವುದು 20 ಸೆಕೆಂಡ್. ಹಿಂದಕ್ಕೆ ಬಾಗಿದಾಗ ನೋವು ಕಾಲಿಗೆ ಇಳಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟನ್ನು ಕೇಳಿ.

ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಜಾರುತ್ತದೆ, ಹಿಮ್ಮಡಿಗೆ ಮೆತ್ತೆ ಇರುವುದಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಚಪ್ಪಲಿ ಮೊದಲು ಬದಲಿಸಿ: ಹಿಂದೆ ಪಟ್ಟಿ ಇರುವುದು, ಅಡಿ ಜಾರದ್ದು, ಹಿಮ್ಮಡಿಯಲ್ಲಿ ಮೆತ್ತೆ ಇರುವುದು.

ಸೊಂಟದ ಬೆಲ್ಟು ಆರೋಗ್ಯವಂತರಲ್ಲಿ ನೋವು ಬಾರದಂತೆ ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಧೈರ್ಯ ಜಾಸ್ತಿಯಾಗಿ ಇನ್ನೂ ಹೆಚ್ಚು ಭಾರ ಎತ್ತುವ ಅಪಾಯವೂ ಇದೆ. ಡಾಕ್ಟರು ಹೇಳಿದರೆ ಹೇಳಿದಷ್ಟು ದಿನ ಮಾತ್ರ ಹಾಕಿ. ಬೆಲ್ಟಿಗೆ ಹಾಕುವ ದುಡ್ಡನ್ನು ಜಾರುಹಲಗೆಗೆ ಹಾಕುವುದು ಲೇಸು.

ಹಂತ 8: ನೋವು ಬಂದೇಬಿಟ್ಟರೆ

ಸೊಂಟ ಹಿಡಿದುಕೊಂಡ ಮೊದಲ ಒಂದೆರಡು ದಿನ ಭಾರದ ಕೆಲಸ ಬಿಡಿ, ಆದರೆ ಮಲಗಿಯೇ ಇರಬೇಡಿ. ಮನೆಯೊಳಗೆ ಓಡಾಡುವುದು, ಬಿಸಿ ಶಾಖ ಕೊಡುವುದು ಒಳ್ಳೆಯದು. ವಾರಗಟ್ಟಲೆ ಮಲಗಿದರೆ ಸ್ನಾಯು ಸೊರಗಿ ವಾಸಿಯಾಗುವುದು ತಡವಾಗುತ್ತದೆ. ಉಳುಕು ತೆಗೆಸಲು ಹೋಗಿ ಬೆನ್ನುಮೂಳೆ ತುಳಿಸಿಕೊಳ್ಳುವುದು, ಕತ್ತು ಲಟಕ್ಕೆಂದು ತಿರುಗಿಸಿಕೊಳ್ಳುವುದು ಖಂಡಿತ ಬೇಡ. ಹೆಸರಿಲ್ಲದ ಪೊಟ್ಟಣದ ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಿನ್ನುವ ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಏಟು ಬೀಳುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೂ ಬೇಗ.

ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲ ಹಿಡಿತ ತಪ್ಪಿದರೆ, ತೊಡೆಸಂದಿ ಮತ್ತು ಕೂರುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಎಳೆದುಕೊಂಡು ನಡೆಯುವಂತಾದರೆ ಅದೇ ದಿನ, ಅದೇ ಗಂಟೆ ತುರ್ತು ವಿಭಾಗಕ್ಕೆ ಹೋಗಬೇಕು. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ತಡಮಾಡದೆ ತೋರಿಸಿ.

ಹಂತ 9: ಕಾಗದಪತ್ರ

ಇಲ್ಲಿ ಕಳೆದುಕೊಳ್ಳುವ ಹಣ ಬಹಳ. ತಿಂಗಳ ವೇತನ 21,000 ರೂಪಾಯಿಯವರೆಗಿನ ಗುತ್ತಿಗೆ ಸಿಬ್ಬಂದಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇರಬೇಕು, ಕೆಲಸಗಾರರಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ. ಸಂಬಳದ ಚೀಟಿಯಲ್ಲಿ ಇಎಸ್‌ಐ ಸಂಖ್ಯೆ ಇದೆಯೇ ಇಂದೇ ನೋಡಿ.

ರೋಗಿಯನ್ನು ಎತ್ತುವಾಗ ಸೊಂಟ ಹಿಡಿದುಕೊಂಡರೆ, ಒದ್ದೆ ನೆಲದಲ್ಲಿ ಜಾರಿದರೆ ಅದು ಕೆಲಸದಲ್ಲಾದ ಗಾಯ. ಗಾಯವಾದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದಿದ್ದರೆ ತಾತ್ಕಾಲಿಕ ಅಂಗವೈಕಲ್ಯ ಭತ್ಯೆಯಾಗಿ ವೇತನದ ಶೇ. 90 ಸಿಗುತ್ತದೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಅದೇ ನೋವು "ಯಾವಾಗಲೋ ಶುರುವಾಯ್ತು" ಎಂದು ದಾಖಲಾದರೆ ಕಾಯಿಲೆಯ ಲೆಕ್ಕಕ್ಕೆ ಹೋಗಿ ಶೇ. 70, ಅದೂ ವರ್ಷಕ್ಕೆ 91 ದಿನ, ಮತ್ತು ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಆದ್ದರಿಂದ ಆದದ್ದನ್ನು ಅದೇ ಪಾಳಿಯಲ್ಲಿ ಅಪಘಾತ ಪುಸ್ತಕದಲ್ಲಿ ಬರೆಸಿ: ದಿನ, ಗಂಟೆ, ವಾರ್ಡು, ಏನು ಮಾಡುತ್ತಿದ್ದಿರಿ, ಯಾರು ನೋಡಿದರು. ಆ ಪುಟದ ಫೋಟೋ ಮೊಬೈಲಿನಲ್ಲಿರಲಿ. ಮಾಲೀಕರು ನಮೂನೆ 12ರಲ್ಲಿ ಇಎಸ್‌ಐಗೆ ವರದಿ ಕಳಿಸಬೇಕು. ಡಾಕ್ಟರ ಹತ್ತಿರವೂ "ಸೊಂಟನೋವು" ಎಂದಷ್ಟೇ ಹೇಳದೆ, ಯಾವ ಕೆಲಸ ಮಾಡುವಾಗ ಬಂತು ಎಂದು ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಹಂತ 10: ಮತ್ತೆ ಕೆಲಸಕ್ಕೆ, ಮತ್ತೆ ಎಣಿಕೆಗೆ

ರಜೆ ಮುಗಿಸಿ ಬಂದವರನ್ನು ಮೊದಲ ದಿನವೇ ಕ್ಯಾಶುಯಾಲ್ಟಿ ಸ್ಟ್ರೆಚರಿಗೆ ಹಾಕಿದರೆ ನೋವು ಮರುಕಳಿಸುತ್ತದೆ. ಮೊದಲ ವಾರ ಎತ್ತುವ ಕೆಲಸವೇ ಬೇಡ. ಎರಡನೇ ವಾರ 5 ಕಿಲೋವರೆಗೆ. ಮೂರನೇ ವಾರದಿಂದ ಜೋಡಿಯಾಗಿ ಮಾಪು, ಟ್ರಾಲಿ. ರೋಗಿಯನ್ನು ಸರಿಸುವುದು ಎಲ್ಲಕ್ಕಿಂತ ಕೊನೆಗೆ, ಡಾಕ್ಟರ ಒಪ್ಪಿಗೆ ಪಡೆದು. ಇದನ್ನು ಬಾಯಿಮಾತಿನಲ್ಲಿ ಬಿಡದೆ ಡ್ಯೂಟಿ ಪಟ್ಟಿಯಲ್ಲೇ ಬರೆಯಿರಿ. ರಾತ್ರಿ ಪಾಳಿಯ ಸೂಪರ್‌ವೈಸರಿಗೂ ಗೊತ್ತಿರಬೇಕು.

ಮೂರು ತಿಂಗಳಾದ ಮೇಲೆ ಮೊದಲಿನ ಒಂಬತ್ತು ಜಾಗದ ಹಾಳೆಯನ್ನು ಮತ್ತೆ ತುಂಬಿಸಿ. ಎರಡನೇ ಸಲ ಗುರುತುಗಳು ಹೆಚ್ಚಾಗಿ ಕಾಣಬಹುದು. ಹೇಳಿದರೆ ಕೆಲಸ ಹೋಗುವುದಿಲ್ಲ ಎಂದು ಜನ ನಂಬತೊಡಗಿದಾಗ ಹಾಗಾಗುತ್ತದೆ. ಆದ್ದರಿಂದ ಒಟ್ಟು ಸಂಖ್ಯೆಗಿಂತ "ಕಳೆದ 7 ದಿನ", "ಕೆಲಸ ನಿಂತಿತ್ತೇ" ಎಂಬ ಎರಡು ಉತ್ತರಗಳನ್ನೂ ವಾರ್ಡುವಾರು ರಜೆಯ ದಿನಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಮಾಪಿನ ಹಿಡಿ ಬದಲಿಸಿದ ವಾರ್ಡಿನಲ್ಲಿ ಸೊಂಟ, ಭುಜದ ಗುರುತು ಇಳಿದು ಮಂಡಿಯದು ಹಾಗೇ ಉಳಿದಿದ್ದರೆ, ಮುಂದಿನ ಇಂಡೆಂಟಿನಲ್ಲಿ (ಸಾಮಾನಿನ ಬೇಡಿಕೆ ಪಟ್ಟಿಯಲ್ಲಿ) ಮಂಚದಡಿಯ ಚಪ್ಪಟೆ ಮಾಪು ಸೇರಲಿ.